ಫಿಲಡೆಲ್ಫಿಯಾದ ಹಸಿರು ತುಂಟ: ಒಂದು ಮ್ಯಾಸ್ಕಾಟ್ ಊರಿನ ಆಸ್ತಿಯಾದ ಪ್ರಕರಣ

ಅಮೆರಿಕದ ಬೇಸ್‌ಬಾಲ್‌ನಲ್ಲಿ ಮ್ಯಾಸ್ಕಾಟ್ ಅಂದ ತಕ್ಷಣ ಬಹಳ ಜನರ ಬಾಯಿಗೆ ಬರುವ ಹೆಸರು ಫಿಲೀ ಫನ್ಯಾಟಿಕ್. ಅದು ಫಿಲಡೆಲ್ಫಿಯಾ ಫಿಲೀಸ್ ತಂಡದ ಮ್ಯಾಸ್ಕಾಟ್, ಅಂದರೆ ತಂಡದ ಗುರುತಾಗಿ ಮೈದಾನದಲ್ಲಿ ಕುಣಿಯುವ ವೇಷ. ಮೈತುಂಬ ಹಸಿರು ಕೂದಲು, ಕಹಳೆ ಆಕಾರದ ಉದ್ದ ಮೂತಿ, ಊದಿದರೆ ಸುರುಳಿ ಬಿಚ್ಚಿಕೊಂಡು ಹೊರಗೆ ಬರುವ ನಾಲಿಗೆ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಹಿಂಭಾಗ. ಯಾವ ಪ್ರಾಣಿ ಎಂದು ಕೇಳಿದರೆ ಉತ್ತರ ಇಲ್ಲ. ಗಲಾಪಗೋಸ್ ದ್ವೀಪಗಳಿಂದ ಬಂದದ್ದು ಎಂದು ತಂಡ ಒಂದು ಕಥೆ ಕಟ್ಟಿದೆ. ಫೀಬಿ ಅಂತ ಅದಕ್ಕೊಬ್ಬ ಅಮ್ಮನೂ ಇದ್ದಾಳೆ. ಜೆರ್ಸಿಯ ಮೇಲೆ ಅಂಕಿಯ ಬದಲು ಒಂದು ನಕ್ಷತ್ರ ಇದೆ.

1978ರಲ್ಲಿ ಶುರುವಾದ ಈ ವೇಷ ಇವತ್ತಿಗೂ ಕುಣಿಯುತ್ತಿದೆ. ಇದನ್ನು ರೂಪಿಸಿದವರೇ ಮರುವರ್ಷ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೂ ಒಂದು ಮ್ಯಾಸ್ಕಾಟ್ ಮಾಡಿಕೊಟ್ಟರು. ಅದು 1981ರ ನಂತರ ಕಾಣಲೇ ಇಲ್ಲ. ಒಂದೇ ಕೈಕೆಲಸ, ಒಂದೇ ಕಾಲ. ಒಂದು ಊರಿನ ಮುದ್ದಿನ ಕೂಸಾಯಿತು, ಇನ್ನೊಂದನ್ನು ಯಾಂಕೀಸ್ ಅಭಿಮಾನಿಗಳಲ್ಲೇ ಎಷ್ಟೋ ಜನ ನೋಡಿಲ್ಲ. ಹೀಗೇಕಾಯಿತು ಎಂಬುದೇ ಈ ಪ್ರಕರಣದ ಪ್ರಶ್ನೆ.

ಆಟದ ಬಗ್ಗೆ ಎರಡು ಮಾತು

ನಾವು ಕ್ರಿಕೆಟ್ ನೋಡುವವರು. ಐಪಿಎಲ್ ಲೀಗ್ ಹಂತದಲ್ಲಿ ಒಂದು ತಂಡ ತವರಿನಲ್ಲಿ ಆಡುವುದು 7 ಪಂದ್ಯ. ಚಿನ್ನಸ್ವಾಮಿಗೆ ಟಿಕೆಟ್ ಸಿಕ್ಕಿದರೆ ಅದೇ ಒಂದು ಹಬ್ಬ. ಬೇಸ್‌ಬಾಲ್ ಹಾಗಲ್ಲ. ಏಪ್ರಿಲ್ ಹೊತ್ತಿಗೆ ಶುರುವಾಗಿ ಸೆಪ್ಟೆಂಬರ್ ಕೊನೆಯವರೆಗೆ ಒಂದೊಂದು ತಂಡ 162 ಪಂದ್ಯ ಆಡುತ್ತದೆ, ಅದರಲ್ಲಿ 81 ತವರಿನಲ್ಲೇ. ವಾರದ ದಿನವೂ ಪಂದ್ಯ, ಬಿಸಿಲಿದ್ದರೂ ಪಂದ್ಯ, ತಂಡ ಕೊನೆಯ ಸ್ಥಾನದಲ್ಲಿದ್ದರೂ ಪಂದ್ಯ.

ಇನ್ನೊಂದು ವಿಷಯ ಬಿಡುವಿನದು. ಒಂದು ಪಂದ್ಯಕ್ಕೆ 9 ಇನಿಂಗ್ಸ್, ಪ್ರತಿ ಇನಿಂಗ್ಸ್‌ಗೂ ಎರಡು ಭಾಗ. ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ಮುನ್ನ ಸುಮಾರು ಎರಡು ನಿಮಿಷ ಆಟ ನಿಲ್ಲುತ್ತದೆ. ಪೂರ್ತಿ ಪಂದ್ಯದಲ್ಲಿ ಇಂಥ ಬಿಡುವು 17ರವರೆಗೆ ಬರಬಹುದು. ಅಂದರೆ ಅರ್ಧ ಗಂಟೆಗೂ ಜಾಸ್ತಿ ಹೊತ್ತು ಸಾವಿರಾರು ಜನ ಸುಮ್ನೆ ಕೂತಿರುತ್ತಾರೆ. ಮ್ಯಾಸ್ಕಾಟ್‌ಗೆ ಬೇಸ್‌ಬಾಲ್‌ನಷ್ಟು ಜಾಗ ಬೇರೆ ಆಟಗಳಲ್ಲಿ ಸಿಗದಿರುವುದು ಇದಕ್ಕೇ. ಅದು ಬರೀ ಅಲಂಕಾರ ಅಲ್ಲ. ಆ ಖಾಲಿ ಹೊತ್ತನ್ನು ತುಂಬುವ ಕೆಲಸಗಾರ.

1978ಕ್ಕಿಂತ ಮುಂಚೆ

ಫಿಲಡೆಲ್ಫಿಯಾದ ಅಭಿಮಾನಿಗಳಿಗೆ ಒಂದು ಹೆಸರಿದೆ. ಇಷ್ಟವಾಗದಿದ್ದರೆ ಮುಖದ ಮೇಲೆ ಹೇಳುವ ಜನ. 1968ರ ಡಿಸೆಂಬರ್‌ನಲ್ಲಿ ಅಲ್ಲಿನ ಅಮೆರಿಕನ್ ಫುಟ್‌ಬಾಲ್ ಪಂದ್ಯದ ನಡುವೆ ಸಾಂಟಾ ಕ್ಲಾಸ್ ವೇಷ ಹಾಕಿ ಬಂದವನಿಗೇ ಹಿಮದ ಉಂಡೆಗಳಿಂದ ಹೊಡೆದಿದ್ದರು. ಆ ಕಥೆ ಇವತ್ತಿಗೂ ಊರನ್ನು ಬಿಟ್ಟಿಲ್ಲ. ಫಿಲೀಸ್ ತಂಡ 1883ರಿಂದ ಆಡುತ್ತಿದ್ದರೂ 1980ರವರೆಗೆ ಒಂದೇ ಒಂದು ವರ್ಲ್ಡ್ ಸೀರೀಸ್, ಅಂದರೆ ಲೀಗಿನ ಕೊನೆಯ ಚಾಂಪಿಯನ್ ಪಟ್ಟ, ಗೆದ್ದಿರಲಿಲ್ಲ. ಮೂರು ತಲೆಮಾರು ಸೋಲನ್ನೇ ನೋಡಿ ಬೆಳೆದ ಊರು ಬೈಯದೆ ಇನ್ನೇನು ಮಾಡೀತು!

1971ರಲ್ಲಿ ತಂಡ ವೆಟರನ್ಸ್ ಸ್ಟೇಡಿಯಂಗೆ ಬಂತು. ದೊಡ್ಡ ಕಾಂಕ್ರೀಟ್ ಕಟ್ಟಡ, ನೆಲಕ್ಕೆ ಕೃತಕ ಹುಲ್ಲು. ಅಲ್ಲಿ ತಂಡ ಮೊದಲು ಇಟ್ಟುಕೊಂಡಿದ್ದ ಮ್ಯಾಸ್ಕಾಟ್‌ಗಳು ಫಿಲಡೆಲ್ಫಿಯಾ ಫಿಲ್ ಮತ್ತು ಫಿಲಿಸ್ ಅಂತ ಒಂದು ಜೋಡಿ. ಹದಿನೆಂಟನೇ ಶತಮಾನದ ಉಡುಪು ತೊಟ್ಟ ಗಂಡು ಹೆಣ್ಣು. ಊರಿನ ಇತಿಹಾಸಕ್ಕೆ ಸರಿಯಾಗಿ ಹೊಂದುತ್ತಿತ್ತು, ನೋಡಲು ಅಚ್ಚುಕಟ್ಟು. ಆದರೆ ಜನ ಅವರನ್ನು ಹಚ್ಚಿಕೊಳ್ಳಲಿಲ್ಲ. ಮೆರವಣಿಗೆಯಲ್ಲಿ ನಿಲ್ಲುವುದಕ್ಕೆ ಸರಿ, ಜೊತೆಗೆ ಕೂತು ಪಂದ್ಯ ನೋಡುವುದಕ್ಕೆ ಅಲ್ಲ.

ಅದೇ ಹೊತ್ತಿಗೆ ದೇಶದ ಇನ್ನೊಂದು ತುದಿಯಲ್ಲಿ ಒಂದು ಕೋಳಿ ಹೆಸರು ಮಾಡುತ್ತಿತ್ತು. 1974ರಲ್ಲಿ ಸ್ಯಾನ್ ಡಿಯಾಗೋದ ಒಂದು ರೇಡಿಯೊ ಸ್ಟೇಷನ್ ಪ್ರಚಾರಕ್ಕೆಂದು ಟೆಡ್ ಜಿಯಾನೂಲಾಸ್ ಎಂಬ ವಿದ್ಯಾರ್ಥಿಗೆ ಕೋಳಿ ವೇಷ ಹಾಕಿಸಿತ್ತು. ಆತ ಅಲ್ಲಿನ ಬೇಸ್‌ಬಾಲ್ ಪಂದ್ಯಗಳಿಗೆ ಹೋಗಿ ಅಂಪೈರ್‌ಗಳನ್ನು ಅಣಕಿಸಲು ಶುರು ಮಾಡಿದ, ಜನ ಹುಚ್ಚೆದ್ದು ನಕ್ಕರು. ಫಿಲೀಸ್ ಪ್ರಚಾರ ವಿಭಾಗದ ಡೆನಿಸ್ ಲೇಮನ್ ಅವರಿಗೆ ನಮಗೂ ಇಂಥದ್ದೊಂದು ಬೇಕು ಅನ್ನಿಸಿತು. ತಂಡದ ಆಡಳಿತ ನೋಡುತ್ತಿದ್ದ ಬಿಲ್ ಜೈಲ್ಸ್ ಹೂಂ ಅಂದರು. ಮಕ್ಕಳನ್ನು ಕರೆದುಕೊಂಡು ಇಡೀ ಸಂಸಾರ ಮೈದಾನಕ್ಕೆ ಬರಬೇಕು ಎಂಬುದು ಅವರ ಆಸೆ.

1,300 ಡಾಲರ್ ಉಳಿತಾಯ

ಕೆಲಸ ಹೋದದ್ದು ನ್ಯೂಯಾರ್ಕ್‌ನ ಬಾನಿ ಎರಿಕ್ಸನ್ ಮತ್ತು ವೇಡ್ ಹ್ಯಾರಿಸನ್ ದಂಪತಿಗೆ. ಎರಿಕ್ಸನ್ ಮುಂಚೆ ಟಿವಿಯ ಮಪೆಟ್ ಗೊಂಬೆಗಳನ್ನು ಮಾಡುತ್ತಿದ್ದ ಜಿಮ್ ಹೆನ್ಸನ್ ಅವರ ತಂಡದಲ್ಲಿದ್ದವರು. ಮಿಸ್ ಪಿಗ್ಗಿ ಎಂಬ ಜಗತ್ಪ್ರಸಿದ್ಧ ಗೊಂಬೆ ಅವರದೇ ಕೈಕೆಲಸ. ಅವರು ಮಾಡಿಕೊಟ್ಟ ವೇಷದ ಗುಟ್ಟು ಮುಖದಲ್ಲಿಲ್ಲ, ಸೊಂಟದಲ್ಲಿದೆ. ಕೆಳಭಾಗ ಅಷ್ಟು ಅಗಲ ಇರುವುದರಿಂದ ಒಳಗಿರುವವರು ಎರಡು ಹೆಜ್ಜೆ ಇಟ್ಟರೂ ಸಾಕು, ಹಿಂಭಾಗ ತಾನೇ ಕುಲುಕುತ್ತದೆ. ಸುಮ್ಮನೆ ನಡೆದರೂ ನಗು ಬರುತ್ತದೆ. ಐವತ್ತು ಸಾವಿರ ಜನ ಕೂರುವ ಮೈದಾನದ ಕೊನೆಯ ಸಾಲಿಗೆ ಮುಖ ಕಾಣುವುದಿಲ್ಲ, ಕುಲುಕು ಕಾಣುತ್ತದೆ.

ಹಣದ ಮಾತು ಬಂದಾಗ ಜೈಲ್ಸ್ ಮುಂದೆ ಎರಡು ದಾರಿ ಇತ್ತು. ವೇಷ ಮತ್ತು ಕಾಪಿರೈಟ್ ಎರಡೂ ಸೇರಿ 5,200 ಡಾಲರ್. ಬರೀ ವೇಷ ಆದರೆ 3,900 ಡಾಲರ್. ಅವರು 3,900ರದ್ದನ್ನೇ ಆರಿಸಿದರು. ಇದು ಎಷ್ಟು ದಿನ ಬಾಳುತ್ತದೋ ಯಾರಿಗೆ ಗೊತ್ತು ಎಂಬ ಲೆಕ್ಕ. ಗೊಂಬೆ, ಟೀ ಶರ್ಟ್ ಮಾರುವ ಹಕ್ಕು ವಿನ್ಯಾಸಕಾರರ ಬಳಿಯೇ ಉಳಿಯಿತು. ಫನ್ಯಾಟಿಕ್ ಗೊಂಬೆಗಳಿಗೆ ಬೇಡಿಕೆ ಏರಿದ ಮೇಲೆ, 1984ರಲ್ಲಿ, ತಂಡ ಅದೇ ಹಕ್ಕನ್ನು 2,15,000 ಡಾಲರ್ ಕೊಟ್ಟು ಕೊಂಡಿತು. ಮೊದಲೇ ಹಕ್ಕು ಕೊಳ್ಳದೆ ಬಿಟ್ಟದ್ದನ್ನು ಜೈಲ್ಸ್ ಆಮೇಲೆ ತಮ್ಮ ಜೀವನದ ತೀರಾ ಕೆಟ್ಟ ನಿರ್ಧಾರ ಎಂದು ಹೇಳಿಕೊಂಡರು. ನನಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ. ಸಾಂಟಾ ಕ್ಲಾಸ್‌ಗೆ ಹೊಡೆದ ಊರಿನಲ್ಲಿ ಒಂದು ಹಸಿರು ಗೊಂಬೆ ಒಂದು ಸೀಸನ್ ದಾಟುತ್ತದೆ ಎಂದು ಯಾರು ಬಾಜಿ ಕಟ್ಟುತ್ತಿದ್ದರು?

ಒಳಗಿದ್ದ ಹುಡುಗ

ವೇಷ ತಯಾರಾಯಿತು, ತೊಡುವವರು ಬೇಕಲ್ಲ. ತಂಡದ ಆಫೀಸಿನಲ್ಲಿ ಡೇವ್ ರೇಮಂಡ್ ಎಂಬ ಕಾಲೇಜು ಹುಡುಗ ಇಂಟರ್ನ್ ಆಗಿದ್ದ. ಕೆಲಸ ಅವನಿಗೆ ಬಂತು. 1978ರ ಏಪ್ರಿಲ್ 25ರಂದು ಶಿಕಾಗೋ ಕಬ್ಸ್ ವಿರುದ್ಧದ ಪಂದ್ಯದಲ್ಲಿ ಫನ್ಯಾಟಿಕ್ ಮೊದಲ ಸಲ ಮೈದಾನಕ್ಕಿಳಿಯಿತು. ಹೀಗೇ ಮಾಡು ಎಂದು ಬರೆದುಕೊಟ್ಟ ಪಟ್ಟಿ ಏನೂ ಇರಲಿಲ್ಲ. ರೇಮಂಡ್ ಹೇಳಿಕೊಂಡಿರುವ ಪ್ರಕಾರ ಜೈಲ್ಸ್ ಕೊಟ್ಟ ಸೂಚನೆ ಇಷ್ಟೇ: ಮಜಾ ಮಾಡು, ಮಕ್ಕಳು ನೋಡುವಂಥ ಮಜಾ.

ರೇಮಂಡ್ ಹಿನ್ನೆಲೆಯಲ್ಲಿ ಎರಡು ವಿಷಯ ಇವೆ. ಅವರ ತಂದೆ ಟಬ್ಬಿ ರೇಮಂಡ್ ಡೆಲವೇರ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್. ಹಾಗಾಗಿ ಆಟ, ಆಟಗಾರರು, ಸೋಲಿನ ನಂತರದ ಮುಖಗಳು, ಎಲ್ಲವೂ ಮನೆಯಲ್ಲೇ ನೋಡಿದ್ದು. ತಾಯಿಗೆ ಕಿವಿ ಕೇಳುತ್ತಿರಲಿಲ್ಲ. ಮಾತಿಲ್ಲದೆ ಕೈ, ಭುಜ, ಮೈಯಿಂದ ಹೇಳುವುದನ್ನು ಅವರು ಕಲಿತದ್ದು ತಾಯಿಯ ಜೊತೆ. ಮ್ಯಾಸ್ಕಾಟ್‌ಗೆ ಮಾತಾಡುವ ಹಾಗಿಲ್ಲ, ಮುಖ ಬದಲಾಗುವುದಿಲ್ಲ. ಬೇಜಾರಾದರೂ ಅದೇ ಕಣ್ಣು, ಖುಷಿಯಾದರೂ ಅದೇ ಕಣ್ಣು. ತಲೆ ತಗ್ಗಿಸುವ ಬಗೆಯಿಂದ, ಹೊಟ್ಟೆ ಮುಂದೆ ಮಾಡುವ ಬಗೆಯಿಂದ, ಓಡಿ ಬಂದು ಥಟ್ಟನೆ ನಿಲ್ಲುವ ಬಗೆಯಿಂದಲೇ ಎಲ್ಲ ಹೇಳಬೇಕು. ಆ ಭಾಷೆ ಈ ಹುಡುಗನಿಗೆ ಮೊದಲೇ ಗೊತ್ತಿತ್ತು.

ರೇಮಂಡ್ 1993ರವರೆಗೆ ಈ ವೇಷದಲ್ಲಿದ್ದರು. ಅವರ ಜಾಗಕ್ಕೆ ಬಂದವರು 1989ರಿಂದ ಬದಲಿಯಾಗಿ ವೇಷ ಹಾಕುತ್ತಿದ್ದ ಟಾಮ್ ಬರ್ಗೊಯ್ನ್. ವೇಷದೊಳಗಿನ ಮನುಷ್ಯ ಬದಲಾದ, ಫನ್ಯಾಟಿಕ್ ಬದಲಾಗಲಿಲ್ಲ. ಅಷ್ಟು ಹೊತ್ತಿಗೆ ಅದಕ್ಕೆ ತನ್ನದೇ ನಡಿಗೆ, ತನ್ನದೇ ಕೊಬ್ಬು, ತನ್ನದೇ ಹಟ ಬಂದಿತ್ತು.

ಸಲುಗೆ

ಅದು ಮಾಡುವ ಕೆಲಸಗಳನ್ನು ನೋಡಿ. ಚೆಂಡು ಎಸೆಯುವ ಎದುರಾಳಿ ಪಿಚರ್ ಕಡೆ ಎರಡೂ ಕೈ ಚಾಚಿ ಮಾಟ ಮಾಡುತ್ತದೆ. ನಾಲ್ಕು ಚಕ್ರದ ಬೈಕ್ ಹತ್ತಿ ಬಂದು ಆಟಗಾರರ ದಾರಿಗೆ ಅಡ್ಡ ಹಾಕುತ್ತದೆ. ಬೋಳು ತಲೆಯವರು ಸಿಕ್ಕರೆ ಹಿಂದಿನಿಂದ ಬಂದು ತಲೆ ತಿಕ್ಕಿ ಹೊಳಪು ಮಾಡುತ್ತದೆ. ಎದುರಾಳಿ ತಂಡದ ಜೆರ್ಸಿ ತೊಟ್ಟವರ ಪಾಪ್‌ಕಾರ್ನ್ ಚೆಲ್ಲುತ್ತದೆ. ಆಟಗಾರರು ಕೂರುವ ಡಗೌಟ್ ಮೇಲೆ ಹತ್ತಿ ಕುಣಿಯುತ್ತದೆ. ಕೊಳವೆಯಂಥ ಗನ್ ಹಿಡಿದು ಪ್ರೇಕ್ಷಕರತ್ತ ಹಾಟ್ ಡಾಗ್ (ಸಾಸೇಜ್ ಇಟ್ಟ ಬನ್) ಹಾರಿಸುತ್ತದೆ.

ಇವೆಲ್ಲ ಯಾರ ಕೆಲಸ? ಸೀಟಿನಲ್ಲಿ ಕೂತ ಫಿಲಡೆಲ್ಫಿಯಾದವನು ಮಾಡಬೇಕು ಅಂದುಕೊಳ್ಳುವ, ಮಾಡಿದರೆ ಪೊಲೀಸರು ಹೊರಗೆ ಹಾಕುವ ಕೆಲಸ. ನನ್ನ ಪ್ರಕಾರ ಫನ್ಯಾಟಿಕ್ ಗೆದ್ದದ್ದು ಇಲ್ಲೇ. ಅದು ತಂಡದ ಜಾಹೀರಾತಿನ ಥರ ನಡೆದುಕೊಳ್ಳಲಿಲ್ಲ, ಅಭಿಮಾನಿಯ ಥರ ನಡೆದುಕೊಂಡಿತು. ಊರಿನ ಒರಟುತನವನ್ನು ತಿದ್ದಲು ಹೋಗಲಿಲ್ಲ. ಅದನ್ನೇ ತಾನು ತೆಗೆದುಕೊಂಡು ಮಗುವೂ ನಗುವಷ್ಟು ಹದಕ್ಕೆ ತಂದಿತು. ಯಕ್ಷಗಾನದ ಹಾಸ್ಯಗಾರನಿಗೆ ರಾಜನ ಎದುರೇ ಏನು ಬೇಕಾದರೂ ಅನ್ನುವ ಸಲುಗೆ ಇರುತ್ತದಲ್ಲ, ಅದೇ ಸಲುಗೆಯನ್ನು ತಂಡ ಇದಕ್ಕೆ ಕೊಟ್ಟಿತು, ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲಿಲ್ಲ.

ಆ ಸಲುಗೆಗೆ ದೊಡ್ಡ ಪರೀಕ್ಷೆ ಬಂದದ್ದು 1988ರ ಆಗಸ್ಟ್‌ನಲ್ಲಿ. ಲಾಸ್ ಏಂಜಲೀಸ್ ಡಾಡ್ಜರ್ಸ್ ಮ್ಯಾನೇಜರ್ (ನಮ್ಮ ಮುಖ್ಯ ಕೋಚ್ ಇದ್ದ ಹಾಗೆ) ಟಾಮಿ ಲಸೋರ್ಡಾ ಅಂದರೆ ಹೊಟ್ಟೆಗೂ ಬಾಯಿಗೂ ಹೆಸರಾದ ಮನುಷ್ಯ. ಫನ್ಯಾಟಿಕ್ ಒಂದು ದೊಡ್ಡ ಗೊಂಬೆಗೆ ಲಸೋರ್ಡಾ ಜೆರ್ಸಿ ತೊಡಿಸಿ, ಡಾಡ್ಜರ್ಸ್ ಡಗೌಟ್ ಎದುರೇ ಅದನ್ನು ಎಳೆದಾಡಿ ಹೊಡೆಯಿತು. ಲಸೋರ್ಡಾ ತಡೆಯಲಾರದೆ ನುಗ್ಗಿ ಬಂದರು. ಫನ್ಯಾಟಿಕ್ ಅನ್ನು ಕೆಡವಿ, ಅದೇ ಗೊಂಬೆಯಿಂದಲೇ ಬಾರಿಸಿದರು. ಮೈದಾನದ ತುಂಬ ನಗು. ಅರವತ್ತು ದಾಟಿದ, ವರ್ಲ್ಡ್ ಸೀರೀಸ್ ಗೆದ್ದಿದ್ದ ಮ್ಯಾನೇಜರ್ ಒಂದು ಹಸಿರು ವೇಷದ ಜೊತೆ ನಿಜವಾಗಿ ಜಗಳಕ್ಕೆ ನಿಂತರು ಅಂದರೆ ಆ ವೇಷಕ್ಕೆ ಜೀವ ಬಂದಿದೆ ಎಂದೇ ಲೆಕ್ಕ. ತಂಡ ಆಮೇಲೂ ಫನ್ಯಾಟಿಕ್‌ಗೆ ಕಡಿವಾಣ ಹಾಕಲಿಲ್ಲ.

ಅದೇ ಕೈಯ ಇನ್ನೆರಡು ಗೊಂಬೆ

ಈಗ ಯಾಂಕೀಸ್ ಕಡೆ ಬರೋಣ. 1979ರ ಜುಲೈ ಕೊನೆಯಲ್ಲಿ ಎರಿಕ್ಸನ್, ಹ್ಯಾರಿಸನ್ ಮಾಡಿಕೊಟ್ಟ ಡ್ಯಾಂಡಿ ಬಂತು. ಪಟ್ಟೆಪಟ್ಟೆಯ ಜೆರ್ಸಿ, ದಪ್ಪ ಮೀಸೆ. ಆದರೆ ಅದಕ್ಕೆ ಎರಡು ವಾರ ಮುಂಚೆ ಸಿಯಾಟಲ್‌ನಲ್ಲಿ ಯಾಂಕೀಸ್ ಆಟಗಾರ ಲೂ ಪಿನೆಲ್ಲಾ ಸ್ಯಾನ್ ಡಿಯಾಗೋ ಕೋಳಿಯ ಮೇಲೆ ಸಿಟ್ಟಾಗಿ ಗ್ಲವ್ ಎಸೆದಿದ್ದರು. ಮಾಲೀಕ ಜಾರ್ಜ್ ಸ್ಟೈನ್‌ಬ್ರೆನ್ನರ್ ಬೇಸ್‌ಬಾಲ್‌ನಲ್ಲಿ ಇಂಥ ವೇಷಗಳಿಗೆ ಜಾಗ ಇಲ್ಲ ಅಂದುಬಿಟ್ಟರು. ತಮ್ಮದೇ ತಂಡ ಒಂದನ್ನು ತರುತ್ತಿದೆ ಎನ್ನುವಾಗ! ಆಗಸ್ಟ್ 2ರಂದು ಯಾಂಕೀಸ್ ನಾಯಕ ಥರ್ಮನ್ ಮನ್ಸನ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಡ್ಯಾಂಡಿಯ ಮೀಸೆ ಅವರ ಮೀಸೆಯನ್ನೇ ಹೋಲುತ್ತಿತ್ತು. ಶೋಕದಲ್ಲಿದ್ದ ಜನರ ಎದುರು ಅದನ್ನು ಕುಣಿಸುವುದು ಹೇಗೆ? ಡ್ಯಾಂಡಿಯನ್ನು ಮೇಲಿನ ಅಂತಸ್ತಿನ ಸೀಟುಗಳ ನಡುವೆಯೇ ಇಟ್ಟರು. ಮೈದಾನಕ್ಕೆ ಇಳಿಯುವ ಹಾಗಿಲ್ಲ, ಟಿವಿಯಲ್ಲಿ ಕಾಣುವ ಹಾಗಿಲ್ಲ. ಅಲ್ಲೇ ಸೊರಗಿತು. ವಿನ್ಯಾಸದಲ್ಲಿ ಕೊರತೆ ಇರಲಿಲ್ಲ, ಒಡೆಯನಿಗೆ ಮನಸ್ಸಿರಲಿಲ್ಲ. ಯಾಂಕೀಸ್‌ಗೆ ಇವತ್ತಿಗೂ ಮ್ಯಾಸ್ಕಾಟ್ ಇಲ್ಲ.

ಅದೇ ದಂಪತಿ 1979ರಲ್ಲಿ ಕೆನಡಾದ ಮಾಂಟ್ರಿಯಲ್ ಎಕ್ಸ್‌ಪೋಸ್ ತಂಡಕ್ಕೆ ಮಾಡಿದ ಕಿತ್ತಳೆ ಬಣ್ಣದ ಯೂಪಿಯ ಕಥೆ ಬೇರೆ. 1989ರಲ್ಲಿ ಇದೇ ಲಸೋರ್ಡಾ ದೂರು ಕೊಟ್ಟು ಯೂಪಿಯನ್ನು ಪಂದ್ಯದಿಂದ ಹೊರಗೆ ಹಾಕಿಸಿದರು. 2004ರ ನಂತರ ಎಕ್ಸ್‌ಪೋಸ್ ತಂಡವೇ ವಾಷಿಂಗ್ಟನ್‌ಗೆ ಹೋಯಿತು. ಮಾಂಟ್ರಿಯಲ್ ಜನ ಯೂಪಿಯನ್ನು ಬಿಟ್ಟುಕೊಡಲಿಲ್ಲ. 2005ರಲ್ಲಿ ಅಲ್ಲಿನ ಐಸ್ ಹಾಕಿ ತಂಡ ಕನೇಡಿಯನ್ಸ್ ಅದನ್ನು ತನ್ನ ಮ್ಯಾಸ್ಕಾಟ್ ಮಾಡಿಕೊಂಡಿತು. ಬೇಸ್‌ಬಾಲ್ ಊರು ಬಿಟ್ಟಿತು, ಬೇಸ್‌ಬಾಲ್‌ನ ಗೊಂಬೆ ಊರಿನಲ್ಲೇ ಉಳಿಯಿತು.

ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಮಾಡಿದ್ದನ್ನೂ ಹೇಳಬೇಕು. 1984ರಲ್ಲಿ ಅವರು ಕ್ರೇಜಿ ಕ್ರ್ಯಾಬ್ ಎಂಬ ಏಡಿಯನ್ನು ತಂದದ್ದೇ ಜನ ಬೈಯಲಿ ಎಂದು. ಜನ ಬೈದರು, ಆಮೇಲೆ ಕೈಗೆ ಸಿಕ್ಕಿದ್ದನ್ನು ಎಸೆಯಲು ಶುರು ಮಾಡಿದರು. ಆ ವರ್ಷ ತಂಡ 96 ಪಂದ್ಯ ಸೋತಿತು, ಆ ಸಿಟ್ಟೂ ಏಡಿಯ ಮೈಮೇಲೆ ಬಿತ್ತು. ಒಳಗೊಬ್ಬ ಮನುಷ್ಯ ಇದ್ದಾನೆ ಎಂಬುದನ್ನೇ ಮರೆತಂಥ ಯೋಜನೆ ಅದು. ನನಗೆ ಅದರಲ್ಲಿ ತಮಾಷೆ ಕಾಣುವುದಿಲ್ಲ.

ಏಟು ಬಿದ್ದವರು

ಸಲುಗೆಗೆ ಬೆಲೆಯೂ ಇದೆ. ಕ್ರೀಡಾ ಮ್ಯಾಸ್ಕಾಟ್‌ಗಳಲ್ಲಿ ಅತಿ ಹೆಚ್ಚು ಕೇಸ್ ಹಾಕಿಸಿಕೊಂಡದ್ದು ಫನ್ಯಾಟಿಕ್ ಎಂದು ಅಮೆರಿಕದ ಕಾನೂನು ಪ್ರಾಧ್ಯಾಪಕರೊಬ್ಬರು ಬರೆದಿದ್ದಾರೆ. ಗಟ್ಟಿಯಾಗಿ ಅಪ್ಪಿಕೊಂಡು ನೋವಾಯಿತು ಎಂಬಂಥ ದೂರುಗಳು. 2018ರ ಜೂನ್‌ನಲ್ಲಿ ಹಾರಿಸಿದ ಹಾಟ್ ಡಾಗ್ ಒಬ್ಬ ಅಭಿಮಾನಿಯ ಮುಖಕ್ಕೆ ಬಡಿದು ಕಣ್ಣಿನ ಸುತ್ತ ಊದಿಕೊಂಡಿತು. ಗಾಳಿಯಲ್ಲಿ ಬಿಚ್ಚಿಕೊಳ್ಳದಿರಲಿ ಎಂದು ಅದಕ್ಕೆ ಟೇಪ್ ಸುತ್ತಿದ್ದರು. ಆಕೆ ಕೇಸ್ ಹಾಕಲಿಲ್ಲ, ಉಳಿದವರು ಜಾಗ್ರತೆಯಿಂದಿರಲಿ ಎಂದಷ್ಟೇ ಹೇಳಿದರು. ಜನರ ಪ್ರೀತಿ ತಂಡಕ್ಕೆ ಇಂಥ ರಿಯಾಯಿತಿ ಕೊಡುತ್ತದೆ ನಿಜ. ಆದರೂ ಪ್ರೇಕ್ಷಕರ ಕಡೆ ಏನನ್ನಾದರೂ ಹಾರಿಸುವವರು ಆ ರಿಯಾಯಿತಿಯನ್ನು ನಂಬಿ ಕೂರಬಾರದು.

ಎರಡು ಫನ್ಯಾಟಿಕ್

1984ರಲ್ಲಿ ಹಕ್ಕು ಕೊಂಡಾಗ ಕಾಗದದ ಮೇಲೆ ಇದ್ದದ್ದು ಎಂದೆಂದಿಗೂ ಎಂದು. ಆದರೆ ಅಮೆರಿಕದ 1976ರ ಕಾಪಿರೈಟ್ ಕಾಯ್ದೆಯಲ್ಲಿ ಕಲಾವಿದರಿಗೆ ಒಂದು ಅನುಕೂಲ ಇದೆ. ತಮ್ಮ ಕೃತಿಯ ಹಕ್ಕನ್ನು ಬೇರೆಯವರಿಗೆ ಬರೆದುಕೊಟ್ಟಿದ್ದರೂ 35 ವರ್ಷದ ಮೇಲೆ ಅದನ್ನು ವಾಪಸ್ ಪಡೆಯಬಹುದು. ಕೈಗೆ ಬಂದಷ್ಟಕ್ಕೆ ಮಾರಿಬಿಟ್ಟ ಕಲಾವಿದನಿಗೆ, ಕೃತಿ ಬೆಳೆದ ಮೇಲೆ ಇನ್ನೊಂದು ಅವಕಾಶ ಸಿಗಲಿ ಎಂಬುದು ಕಾಯ್ದೆಯ ಆಶಯ. ಒಳ್ಳೆಯ ಆಶಯ, ನಮ್ಮಲ್ಲೂ ಇದರ ಬಗ್ಗೆ ಮಾತು ನಡೆಯಬೇಕು. ಎರಿಕ್ಸನ್, ಹ್ಯಾರಿಸನ್ 2018ರಲ್ಲಿ ನೋಟಿಸ್ ಕೊಟ್ಟರು: 2020ರ ಜೂನ್ 15ಕ್ಕೆ ಹಕ್ಕು ನಮಗೆ ಮರಳುತ್ತದೆ. 2019ರ ಆಗಸ್ಟ್‌ನಲ್ಲಿ ತಂಡ ನ್ಯೂಯಾರ್ಕ್‌ನ ಫೆಡರಲ್ ಕೋರ್ಟಿಗೆ ಹೋಯಿತು. ಬರೀ ವೇಷ ನಿಮ್ಮದು, ಅದಕ್ಕೆ ಜೀವ ತುಂಬಿದವರಲ್ಲಿ ನಾವೂ ಇದ್ದೇವೆ ಎಂಬ ವಾದ.

ಎರಡೂ ಕಡೆ ನ್ಯಾಯ ಇತ್ತು. ಎರಿಕ್ಸನ್ ಆ ಸೊಂಟ, ಆ ಮೂತಿ ಕೊಡದಿದ್ದರೆ ರೇಮಂಡ್‌ಗೆ ಕುಣಿಸಲು ಏನೂ ಇರುತ್ತಿರಲಿಲ್ಲ. ರೇಮಂಡ್, ಬರ್ಗೊಯ್ನ್ ಇಷ್ಟು ವರ್ಷ ಬೆವರು ಹರಿಸದಿದ್ದರೆ ಆ ವೇಷ ಗೋದಾಮಿನಲ್ಲಿ ಇರುತ್ತಿತ್ತು.

2020ರ ಫೆಬ್ರವರಿಯಲ್ಲಿ ತಂಡ ಫ್ಲಾರಿಡಾದ ತರಬೇತಿ ಮೈದಾನದಲ್ಲಿ ಹೊಸ ಫನ್ಯಾಟಿಕ್ ತೋರಿಸಿತು. ಕಣ್ಣಿನ ಸುತ್ತ ನಕ್ಷತ್ರದ ಆಕಾರ, ತೋಳಿನ ಕೆಳಗೆ ಹುರುಪೆ, ನೀಲಿ ಬಾಲ, ಮೂತಿ ಮತ್ತು ಹಿಂಭಾಗದಲ್ಲಿ ಸಣ್ಣ ಬದಲಾವಣೆ. ದಿನಾಂಕದ ಹಿಂದೆ ಲೆಕ್ಕ ಇತ್ತು. ಹಕ್ಕು ಮರಳುವ ದಿನಕ್ಕಿಂತ ಮುಂಚೆ ಮೂಲದಿಂದ ಮಾಡಿದ ಹೊಸ ರೂಪವನ್ನು ಬಳಸಲು ಕಾಯ್ದೆ ಬಿಡುತ್ತದೆ. ಅಭಿಮಾನಿಗಳಿಗೆ ಕಾಯ್ದೆ ಬೇಕಿರಲಿಲ್ಲ. ಇದು ನಮ್ಮದಲ್ಲ ಎಂದು ಬೇಸರಪಟ್ಟವರೇ ಜಾಸ್ತಿ. ಆ ವರ್ಷ ಕೋವಿಡ್ ಬಂದು, ಹೊಸ ರೂಪ ಖಾಲಿ ಸೀಟುಗಳ ನಡುವೆಯೇ ಸೀಸನ್ ಕಳೆಯಿತು.

2021ರ ಆಗಸ್ಟ್‌ನಲ್ಲಿ ಮ್ಯಾಜಿಸ್ಟ್ರೇಟ್ ನ್ಯಾಯಾಧೀಶೆ ಸಾರಾ ನೆಟ್‌ಬರ್ನ್ ವರದಿ ಕೊಟ್ಟರು. ಹಕ್ಕು ವಾಪಸ್ ಪಡೆದ ವಿನ್ಯಾಸಕಾರರ ಕ್ರಮ ಸರಿ. ಹೊಸ ರೂಪದ ಬದಲಾವಣೆಗಳು ಮಹಾ ಪ್ರತಿಭೆಯೇನಲ್ಲ, ಆದರೆ ಕಾನೂನು ಕೇಳುವಷ್ಟು ಹೊಸತನ ಅದರಲ್ಲಿದೆ, ತಂಡ ಅದನ್ನು ಬಳಸಬಹುದು. ಇದು ಶಿಫಾರಸು, ಕೊನೆಯ ತೀರ್ಪಲ್ಲ. ಹಾಗೇ ಉಳಿದಿದ್ದರೆ ಹಳೆಯದು ವಿನ್ಯಾಸಕಾರರದು, ಹೊಸದು ತಂಡದ್ದು ಎಂದು ಎರಡು ಫನ್ಯಾಟಿಕ್ ಆಗುತ್ತಿದ್ದವು. ಅಕ್ಟೋಬರ್‌ನಲ್ಲಿ ಇಬ್ಬರೂ ರಾಜಿ ಮಾಡಿಕೊಂಡರು. ಹೊಸ ರೂಪವನ್ನೇ ಇಟ್ಟುಕೊಳ್ಳುವ ದಾರಿ ಮುಂದೆ ಕಾಣುತ್ತಿದ್ದರೂ ತಂಡ ಅದನ್ನು ಪಕ್ಕಕ್ಕಿಟ್ಟಿತು, ಮತ್ತೆ ಒಪ್ಪಂದಕ್ಕೆ ಕೂತು ಹಳೆಯದನ್ನೇ ಕೇಳಿ ಪಡೆಯಿತು. 2022ರ ಸೀಸನ್‌ಗೆ ನಕ್ಷತ್ರದ ಕಣ್ಣು, ಹುರುಪೆ ಎರಡೂ ಇಲ್ಲದ ಮೂಲ ಫನ್ಯಾಟಿಕ್ ಮೈದಾನಕ್ಕೆ ಇಳಿಯಿತು.